ಕಂಕನಾಡಿಯ ಫಾದರ್ ಮುಲ್ಲರ್: ರೋಗಿಯ ಆರೈಕೆ ಕಲಿಸಿದ ಬಾಳು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಯುವಕ ಯುವತಿಯರು ನರ್ಸಿಂಗ್ ಕಲಿಯಲು ವಿಜಯಪುರ, ಬೆಂಗಳೂರು, ಮಂಗಳೂರುಗಳಿಗೆ ಹೋಗುತ್ತಾರೆ. ಮೊದಲ ವರ್ಷ ಅವರಿಗೆ ಕಷ್ಟವೆನಿಸುವುದು ವೈದ್ಯಕೀಯ ಪದಗಳು. ಊರಿನಲ್ಲಿ ದಮ್ಮು ಎನ್ನುವುದು ಅಲ್ಲಿ ಡಿಸ್ಪ್ನಿಯಾ. ಕಾಲಿಗೆ ನೀರು ತುಂಬಿ ಬರುವ ಬಾವು ಎಡಿಮಾ. ಹಾಸಿಗೆ ಹಿಡಿದವರ ಬೆನ್ನಿನ ಹುಣ್ಣು ಬೆಡ್‌ಸೋರ್. ಈ ಪದಗಳನ್ನು ಕಲಿಯಲೇಬೇಕು. ಆದರೆ ರೋಗದ ಹೆಸರಿಗಿಂತ ಮೊದಲು ರೋಗಿ ಎಂಬ ಮನುಷ್ಯನಿದ್ದಾನೆ. ಇದನ್ನು ತಮ್ಮ ಬಾಳಿನಿಂದ ತೋರಿಸಿಕೊಟ್ಟವರು ಮಂಗಳೂರು ಕಂಕನಾಡಿಯ ಫಾದರ್ ಅಗಸ್ಟಸ್ ಮುಲ್ಲರ್.

ಅವರು ಹುಟ್ಟಿದ್ದು 1841ರ ಮಾರ್ಚ್ 13ರಂದು, ಜರ್ಮನಿಯ ವೆಸ್ಟ್‌ಫಾಲಿಯಾದಲ್ಲಿ. ಯೌವನದಲ್ಲೇ ಯೇಸುಸಭೆಯನ್ನು ಸೇರಿದರು. ಮಂಗಳೂರಿನ ಧರ್ಮಸೇವೆಯನ್ನು ಯೇಸುಸಭೆಗೆ ವಹಿಸಿಕೊಟ್ಟಾಗ, 1878ರ ಡಿಸೆಂಬರ್ 31ರಂದು ಅಲ್ಲಿಗೆ ಬಂದಿಳಿದ ಮೊದಲ ತಂಡದಲ್ಲಿ ಅವರಿದ್ದರು. ಬಂದ ಉದ್ದೇಶ ಕಾಲೇಜಿನಲ್ಲಿ ಪಾಠ ಹೇಳುವುದು. ಜೊತೆಗೆ ಹೋಮಿಯೋಪಥಿ ಔಷಧಿಗಳೂ ಇದ್ದವು. 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗಾಗಿ ಔಷಧಾಲಯ ಆರಂಭಿಸಿದರು. ಆಲದ ಮರದ ಕೆಳಗೆ ಕುಳಿತು ಮದ್ದು ಕೊಡುತ್ತಿದ್ದರೆಂದು ಮಂಗಳೂರಿನ ಜನ ಇಂದಿಗೂ ನೆನೆಯುತ್ತಾರೆ. ಅಂಚೆಯ ಮೂಲಕ ದೂರದೂರುಗಳಿಗೂ ಔಷಧಿ ಮಾರಿ, ಬಂದ ಹಣವನ್ನು ಬಡರೋಗಿಗಳ ಸೇವೆಗೆ ಬಳಸಿದರು.

ಹೋಮಿಯೋಪಥಿಯಲ್ಲಿ ರೋಗಿಯ ಮಾತನ್ನು ಪೂರ್ತಿ ಕೇಳದೆ ಮದ್ದು ಆರಿಸುವಂತಿಲ್ಲ. ನೋವು ಎಲ್ಲಿ, ಯಾವಾಗ, ಹೇಗೆ ಎಂದು ಕೇಳಬೇಕು. ಇಂದು ವಿದ್ಯಾರ್ಥಿಗಳು ಹಿಸ್ಟರಿ ತೆಗೆದುಕೊಳ್ಳುವುದು ಎಂದು ಕಲಿಯುವ ಪಾಠದ ಮೊದಲ ಹೆಜ್ಜೆಯೂ ಇದೇ.

1890ರಲ್ಲಿ ಅವರು ಕುಷ್ಠರೋಗಿಗಳಿಗಾಗಿ ಆಶ್ರಮ ತೆರೆದರು. ಆ ರೋಗಾಣುವನ್ನು ನಾರ್ವೆಯ ಹ್ಯಾನ್ಸನ್ 1873ರಲ್ಲೇ ಕಂಡುಹಿಡಿದಿದ್ದರೂ ರೋಗ ಗುಣಪಡಿಸುವ ಮದ್ದು ಜಗತ್ತಿನಲ್ಲಿ ಯಾರ ಬಳಿಯೂ ಇರಲಿಲ್ಲ. ಫಾದರ್ ಮುಲ್ಲರರ ಬಳಿಯೂ ಇರಲಿಲ್ಲ. ಆದರೆ ಆರೈಕೆ ಇತ್ತು. ಈ ರೋಗದಲ್ಲಿ ನರಗಳು ಕೆಟ್ಟು ಚರ್ಮದ ಸ್ಪರ್ಶಜ್ಞಾನ ಹೋಗುತ್ತದೆ. ಇದನ್ನು ಅನಸ್ತೀಸಿಯಾ ಎನ್ನುತ್ತಾರೆ. ಮುಳ್ಳು ಚುಚ್ಚಿದರೂ, ಬಿಸಿಪಾತ್ರೆ ಸುಟ್ಟರೂ ತಿಳಿಯುವುದಿಲ್ಲ. ಗಾಯ ಹುಣ್ಣಾಗಿ ಬೆರಳುಗಳು ನಷ್ಟವಾಗುತ್ತವೆ. ಹುಣ್ಣು ತೊಳೆದು ಬಟ್ಟೆ ಕಟ್ಟುವುದು, ಊಟ, ಮಲಗಲು ಜಾಗ ಇವೇ ಅಂದಿನ ಚಿಕಿತ್ಸೆ. ಬಂಧುಗಳೇ ಮುಟ್ಟಲು ಅಂಜುತ್ತಿದ್ದವರಿಗೆ ಕಂಕನಾಡಿಯಲ್ಲಿ ಒಂದು ಮನೆ ಸಿಕ್ಕಿತು.

ಆಮೇಲೆ ಪ್ಲೇಗು ಬಂತು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಅದು ಮುಂಬಯಿ ಪ್ರಾಂತ್ಯದಲ್ಲೆಲ್ಲ ಹರಡಿತು. ಇಂಡಿ, ಸಿಂದಗಿಗಳಿದ್ದ ಬಿಜಾಪುರ ಜಿಲ್ಲೆ ಅಂದು ಆ ಪ್ರಾಂತ್ಯಕ್ಕೇ ಸೇರಿತ್ತು. ಎಷ್ಟೋ ಊರುಗಳಲ್ಲಿ ಜನ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡರು. ತೊಡೆಯ ಸಂದಿನಲ್ಲಿ, ಕಂಕುಳಲ್ಲಿ ಏಳುವ ಗಡ್ಡೆಗೆ ಬ್ಯೂಬೋ ಎಂದು ಹೆಸರು. ಅದನ್ನು ಕಂಡರೆ ಸಾಕು, ಮನೆಯವರೇ ದೂರ ಸರಿಯುವಂಥ ಕಾಲ. ಪ್ಲೇಗು ರೋಗಿಗಳಿಗಾಗಿ ಫಾದರ್ ಮುಲ್ಲರ್ 1902ರಲ್ಲಿ ಪ್ರತ್ಯೇಕ ಆಸ್ಪತ್ರೆಯನ್ನೇ ತೆರೆದರು.

ಇಲ್ಲಿ ಒಂದು ದೊಡ್ಡ ಪಾಠವಿದೆ. ಐಸೊಲೇಶನ್ ಎಂದರೆ ರೋಗಿಯನ್ನು ಬೇರೆಯಾಗಿರಿಸುವುದು, ಕೈಬಿಡುವುದಲ್ಲ. ಬೇರೆಯಾಗಿರಿಸಿದವನಿಗೇ ಹೆಚ್ಚು ಆರೈಕೆ ಬೇಕು. 2020ರ ಕೊರೊನಾ ದಿನಗಳನ್ನು ಕಂಡ ನಮಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

1910ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ದಿನವೇ, ಫಾದರ್ ಮುಲ್ಲರ್ ದೈವಾಧೀನರಾದರು. ಅವರ ಪುಟ್ಟ ಔಷಧಾಲಯ ಇಂದು ಅವರದೇ ಹೆಸರಿನ ದೊಡ್ಡ ಆಸ್ಪತ್ರೆಯಾಗಿದೆ. ವೈದ್ಯಕೀಯ, ಹೋಮಿಯೋಪಥಿ, ನರ್ಸಿಂಗ್ ಕಾಲೇಜುಗಳೂ ಅಲ್ಲಿವೆ.

ಇಂದು ಮದ್ದುಗಳು ಬಹಳ. ಕುಷ್ಠರೋಗಕ್ಕೆ ಹಲವು ಔಷಧಿಗಳನ್ನು ಸೇರಿಸಿ ಕೊಡುವ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ 1981ರಲ್ಲಿ ಸೂಚಿಸಿತು. ಆರು ತಿಂಗಳು ಅಥವಾ ಒಂದು ವರ್ಷದಲ್ಲಿ ರೋಗ ಗುಣವಾಗುತ್ತದೆ. ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ. ಆದರೂ ಸ್ಪರ್ಶವಿಲ್ಲದ ಬಿಳಿಚಿದ ಮಚ್ಚೆಯನ್ನು ನಾಚಿಕೆಯಿಂದ ಮುಚ್ಚಿಟ್ಟುಕೊಳ್ಳುವವರು ಇನ್ನೂ ಇದ್ದಾರೆ. ಮದ್ದು ಬಂದರೂ ಅಂಜಿಕೆ ಹೋಗಿಲ್ಲ. ಅದನ್ನು ಕಳೆಯುವುದು ಹತ್ತಿರ ಬಂದು ಮುಟ್ಟುವ ಕೈ, ಸಮಾಧಾನದ ಮಾತು.

ನರ್ಸಿಂಗ್ ಕಲಿಯುವ ಮಕ್ಕಳೇ, ಜ್ವರ, ನಾಡಿ, ಉಸಿರು, ರಕ್ತದೊತ್ತಡ ಈ ನಾಲ್ಕನ್ನು ತಪ್ಪದೆ ನೋಡಲು ಕಲಿಯಿರಿ. ದೊಡ್ಡವರ ನಾಡಿ ನಿಮಿಷಕ್ಕೆ 60ರಿಂದ 100, ಉಸಿರು 12ರಿಂದ 20. ಒಬ್ಬ ರೋಗಿಯಿಂದ ಇನ್ನೊಬ್ಬರ ಬಳಿ ಹೋಗುವ ಮುನ್ನ ಕೈ ತೊಳೆಯಿರಿ. ಹೊರಳಲಾರದವರನ್ನು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಿರಿ. ಬೆಡ್‌ಸೋರ್ ತಡೆಯಲು ಇದು ಬಹುಮುಖ್ಯ. ಮನೆಯಲ್ಲಿ ಅಜ್ಜ ಅಜ್ಜಿಯರನ್ನು ನೋಡಿಕೊಳ್ಳುವವರಿಗೂ ಇದು ಉಪಯೋಗದ ಮಾತು. ರೋಗಿಯನ್ನು ಹಾಸಿಗೆಯ ನಂಬರಿನಿಂದಾಗಲಿ ರೋಗದ ಹೆಸರಿನಿಂದಾಗಲಿ ಕರೆಯಬೇಡಿರಿ. ಸಿಂದಗಿಯ ರೈತನಿಗೆ ಡಿಸ್ಪ್ನಿಯಾ ಎಂದರೆ ತಿಳಿಯದು. ದಮ್ಮು ಹತ್ತಿದೆಯೇ ಎಂದು ಅವನ ಮಾತಿನಲ್ಲೇ ಕೇಳಿರಿ, ಚಾರ್ಟಿನಲ್ಲಿ ಡಿಸ್ಪ್ನಿಯಾ ಎಂದು ಬರೆಯಿರಿ.

ಶುಭಸಂದೇಶದ ಸಮಾರಿಯದವನು ಗಾಯಾಳುವಿನ ಜಾತಿ, ಊರು ಕೇಳಲಿಲ್ಲ. ಹತ್ತಿರ ಹೋಗಿ ಗಾಯ ಕಟ್ಟಿದನು. ಫಾದರ್ ಮುಲ್ಲರ್ ಮೂವತ್ತು ವರ್ಷ ಕಂಕನಾಡಿಯಲ್ಲಿ ಮಾಡಿದ್ದೂ ಅದನ್ನೇ.