ಸೈಕಲ್ ಅಂಗಡಿಯ ಲಕ್ಷ್ಮಣರಾವ್ ಕಿರ್ಲೋಸ್ಕರ್

ಮರ ಕೊಯ್ಯುವ ಹಳೆಯ ಚೈನ್‌ಸಾ ಮಷಿನ್‌ಗಳನ್ನು ಗುಜರಿಯಿಂದ ತಂದು, ಬಿಚ್ಚಿ, ರಿಪೇರಿ ಮಾಡಿ ಮತ್ತೆ ಓಡಿಸುವ ಹವ್ಯಾಸಿಗಳು ನಮ್ಮ ಫಾತೋರ್ಡಾದಲ್ಲಿದ್ದಾರೆ. ಅವರಿಗಾಗಿ ಈ ಸಲ ಗಡಿನಾಡಿನ ಹಿರಿಯ ಯಂತ್ರಪ್ರೇಮಿಯೊಬ್ಬರ ಪರಿಚಯ.

ಲಕ್ಷ್ಮಣರಾಯರು 1869ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದರು. ಮನೆಮಾತು ಮರಾಠಿ, ಹುಟ್ಟಿದ ನೆಲ ನಮ್ಮದು. ಚಿತ್ರಕಲೆ ಕಲಿಯಲು ಮುಂಬಯಿಯ ಜೆ. ಜೆ. ಕಲಾಶಾಲೆ ಸೇರಿದರು. ಕೆಲವು ಬಣ್ಣಗಳ ವ್ಯತ್ಯಾಸ ತಮ್ಮ ಕಣ್ಣಿಗೆ ತಿಳಿಯದೆಂದು ಗೊತ್ತಾದಾಗ ಕುಂಚ ಬಿಟ್ಟು ಯಂತ್ರಗಳ ನಕ್ಷೆ ಬಿಡಿಸುವ ವಿದ್ಯೆ ಹಿಡಿದರು. ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಶಿಕ್ಷಕರಾಗಿ, ಬಿಡುವಿನಲ್ಲಿ ಅಲ್ಲಿನ ವರ್ಕ್‌ಶಾಪಿನಲ್ಲಿ ಯಂತ್ರಗಳ ಕೆಲಸ ಕಲಿತರು. ತಮಗೆ ಬರಬೇಕಾದ ಬಡ್ತಿ ಆಂಗ್ಲೋ ಇಂಡಿಯನ್ ಒಬ್ಬರ ಪಾಲಾದಾಗ ನೌಕರಿಯನ್ನೇ ಬಿಟ್ಟರು. ಗುಮಾಸ್ತನಾಗಿ ವರ್ಷಗಟ್ಟಲೆ ಬಡ್ತಿಗೆ ಕಾದ ನನಗೆ ಆ ಧೈರ್ಯದ ತೂಕ ಗೊತ್ತು.

ಬೆಳಗಾವಿಯಲ್ಲಿ ಸೋದರನೊಂದಿಗೆ ಸೈಕಲ್ ಅಂಗಡಿ ನಡೆಸಿದರು. ಆಮೇಲೆ ಮೇವು ಕತ್ತರಿಸುವ ಯಂತ್ರ, ಬಳಿಕ ಕಬ್ಬಿಣದ ನೇಗಿಲು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆಂದು ರೈತರು ಹೆದರಿದರು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು! ಕೈಯಲ್ಲಿ ಮಾಲು, ಕೊಳ್ಳುವವರಿಲ್ಲ. ಆದರೂ ಕುಲುಮೆ ಆರಿಸಲಿಲ್ಲ.

ಇನ್ನೇನು ನೆಲೆ ನಿಂತಿತು ಅನ್ನುವಾಗ ಊರು ವಿಸ್ತರಣೆಗಾಗಿ ಜಾಗ ತೆರವು ಮಾಡಬೇಕಾಯಿತು. ಔಂಧ್ ಸಂಸ್ಥಾನದ ರಾಜರು ಜಾಗವನ್ನೂ ಸಾಲವನ್ನೂ ಕೊಟ್ಟರು. 1910ರಲ್ಲಿ ಪಾಪಸುಕಳ್ಳಿ ಕಡಿದು, ಹಾವುಗಳ ನಡುವೆ ಕೆಲಸಗಾರರೊಂದಿಗೆ ಕಟ್ಟಿದ ಊರೇ ಸಾಂಗಲಿ ಜಿಲ್ಲೆಯ ಕಿರ್ಲೋಸ್ಕರವಾಡಿ. ಲಕ್ಷ್ಮಣರಾಯರು ತೀರಿಕೊಂಡದ್ದು 1956ರಲ್ಲಿ. ಅಲ್ಲಿ ಈಗಲೂ ಪಂಪುಗಳು ತಯಾರಾಗುತ್ತವೆ. ಮೀರಜ್‌ನಿಂದ ಪುಣೆಗೆ ರೈಲಿನಲ್ಲಿ ಹೋಗುವವರಿಗೆ ಆ ಹೆಸರಿನ ನಿಲ್ದಾಣ ದಾರಿಯಲ್ಲೇ ಸಿಗುತ್ತದೆ.