ಬೇಬ್ ರೂತ್ ಅವರನ್ನು ಮಾರಿದ ಹ್ಯಾರಿ ಫ್ರೇಜಿ

ಅಮೆರಿಕದ ಬೇಸ್‌ಬಾಲ್ ಚರಿತ್ರೆಯಲ್ಲಿ ಹ್ಯಾರಿ ಫ್ರೇಜಿ ಅವರಷ್ಟು ನಿಂದೆಗೆ ಗುರಿಯಾದ ತಂಡದ ಮಾಲೀಕರು ವಿರಳ. ಪಿಯೋರಿಯಾದಲ್ಲಿ 1880ರಲ್ಲಿ ಜನಿಸಿದ ಅವರು ಮೂಲತಃ ನಾಟಕ ನಿರ್ಮಾಪಕರು. 1916ರಲ್ಲಿ ಪಾಲುದಾರರೊಡನೆ ಬಾಸ್ಟನ್ ರೆಡ್ ಸಾಕ್ಸ್ ತಂಡವನ್ನು ಕೊಂಡರು. 1918ರಲ್ಲಿ ತಂಡ ವರ್ಲ್ಡ್ ಸೀರೀಸ್ ಗೆದ್ದಿತು.

1919ರ ಡಿಸೆಂಬರ್‌ನಲ್ಲಿ ಬೇಬ್ ರೂತ್ ಅವರನ್ನು ನ್ಯೂಯಾರ್ಕ್ ಯಾಂಕೀಸ್‌ಗೆ 1 ಲಕ್ಷ ಡಾಲರ್‌ಗೆ ಮಾರಿದರು. ಇಂದು ಇದು ಹುಚ್ಚುತನವೆನಿಸುತ್ತದೆ. ಅಂದಿನ ಲೆಕ್ಕವೇ ಬೇರೆ. ಆ ವರ್ಷ ರೂತ್ 29 ಹೋಮ್ ರನ್ ಬಾರಿಸಿ ದಾಖಲೆ ನಿರ್ಮಿಸಿದರೂ ತಂಡ 6ನೇ ಸ್ಥಾನಕ್ಕೆ ಕುಸಿದಿತ್ತು. ಒಪ್ಪಂದ ಜಾರಿಯಲ್ಲಿರುವಾಗಲೇ ವಾರ್ಷಿಕ ವೇತನವನ್ನು 10 ಸಾವಿರದಿಂದ 20 ಸಾವಿರ ಡಾಲರ್‌ಗೆ ಏರಿಸಬೇಕೆಂದು ಅವರು ಪಟ್ಟು ಹಿಡಿದಿದ್ದರು. ಮರುವರ್ಷ ಅವರು 54 ಹೋಮ್ ರನ್ ಬಾರಿಸುವರೆಂದು ಯಾರು ತಾನೇ ಊಹಿಸಿಯಾರು?

ಸಮರ್ಥಿಸಲಾಗದ್ದು ನಂತರದ ವ್ಯವಹಾರ. ರೂತ್ ಬಲದಿಂದ ಯಾಂಕೀಸ್ ಬೆಳೆಯುತ್ತಿದ್ದುದು ಕಣ್ಣೆದುರಿಗೇ ಇದ್ದರೂ ವೇಟ್ ಹೋಯ್ಟ್, ಜೋ ಬುಷ್, ಹರ್ಬ್ ಪೆನಾಕ್ ಅವರಂಥ ಪಿಚರ್‌ಗಳನ್ನೂ ಅದೇ ತಂಡಕ್ಕೆ ಒಪ್ಪಿಸಿದರು. ಇದರ ಫಲವನ್ನು ಅರಿಯಲು ಭವಿಷ್ಯಜ್ಞಾನ ಬೇಕಿರಲಿಲ್ಲ. 1923ರಲ್ಲಿ ಯಾಂಕೀಸ್ ಮೊದಲ ಬಾರಿಗೆ ವರ್ಲ್ಡ್ ಸೀರೀಸ್ ಗೆದ್ದಿತು; ಬಾಸ್ಟನ್ ತನ್ನ ಲೀಗಿನಲ್ಲಿ ಕೊನೆಯ ಸ್ಥಾನ ಪಡೆಯಿತು.

ಅದೇ ವರ್ಷ ಫ್ರೇಜಿ ತಂಡವನ್ನು ಮಾರಿದರು. 1925ರಲ್ಲಿ ಬ್ರಾಡ್‌ವೇಗೆ ಬಂದ 'ನೋ, ನೋ, ನ್ಯಾನೆಟ್' ಸಂಗೀತ ನಾಟಕ ಅವರಿಗೆ ಅಪಾರ ಹಣ ತಂದಿತು. 1929ರಲ್ಲಿ ಅವರು ನಿಧನರಾದರು. ಬಾಸ್ಟನ್ ಮತ್ತೆ ವರ್ಲ್ಡ್ ಸೀರೀಸ್ ಗೆದ್ದದ್ದು 2004ರಲ್ಲಿ.