ಸರ್ಕಾರಿ ಕಾರು, ಸ್ವಂತ ಕಾರು: ಸರ್ ಎಂ.ವಿ. ಕಲಿಸಿದ ಲೆಕ್ಕ

1918ರ ಕೊನೆಯ ದಿನಗಳು. ಮೈಸೂರು ಸಂಸ್ಥಾನದ ದಿವಾನರು ನಾಲ್ವಡಿ ಕೃಷ್ಣರಾಜ ಒಡೆಯರಿಗೆ ರಾಜೀನಾಮೆ ಸಲ್ಲಿಸಲು ಸರ್ಕಾರಿ ಕಾರಿನಲ್ಲಿ ಹೊರಟರು. ರಾಜೀನಾಮೆ ಕೊಟ್ಟು ಮರಳಿದ್ದು ಮಾತ್ರ ಸ್ವಂತ ಕಾರಿನಲ್ಲಿ. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಬಗ್ಗೆ ನಾಡಿನಲ್ಲಿ ಮನೆಮಾತಾಗಿರುವ ಪ್ರಸಂಗವಿದು. ಮಂತ್ರಿಗಳು, ಅಧಿಕಾರಿಗಳು ವಿಶೇಷ ವಿಮಾನದಲ್ಲಿ ಹಾರಬೇಕೇ, ರೈಲಿನಲ್ಲಿ ಸಾಗಬೇಕೇ ಎಂಬ ಚರ್ಚೆ ಎದ್ದಾಗಲೆಲ್ಲ ಈ ಕಥೆ ನೆನಪಾಗುತ್ತದೆ.

ಮುದ್ದೇನಹಳ್ಳಿಯಲ್ಲಿ ಹುಟ್ಟಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಪುಣೆಯಲ್ಲಿ ಎಂಜಿನಿಯರಿಂಗ್ ಪದವಿ ಪಡೆದ ವಿಶ್ವೇಶ್ವರಯ್ಯನವರು 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದರು. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆದರು. 1912ರಲ್ಲಿ ದಿವಾನ್ ಪದವಿ ಒಲಿದು ಬಂದಾಗ ಅವರು ಮೊದಲು ಬಂಧುಗಳನ್ನು ಕರೆಸಿ, ಯಾರೂ ಶಿಫಾರಸಿಗಾಗಿ ತಮ್ಮ ಬಳಿ ಬರಕೂಡದೆಂಬ ಮಾತು ಪಡೆದುಕೊಂಡರೆಂಬುದು ಪ್ರಸಿದ್ಧ. ಆರು ವರ್ಷಗಳ ಆಡಳಿತದಲ್ಲಿ ಮೈಸೂರು ಬ್ಯಾಂಕು, ಕನ್ನಡ ಸಾಹಿತ್ಯ ಪರಿಷತ್ತು, ಮೈಸೂರು ವಿಶ್ವವಿದ್ಯಾನಿಲಯಗಳು ತಲೆಯೆತ್ತಿದವು. ಕನ್ನಂಬಾಡಿ ಕಟ್ಟೆಯ ಕೆಲಸ ಮುಂದುವರಿಯಿತು. ಹಿಂದುಳಿದ ವರ್ಗಗಳ ಪ್ರಾತಿನಿಧ್ಯ ಕುರಿತ ಮಿಲ್ಲರ್ ಸಮಿತಿಯ ವಿಷಯದಲ್ಲಿ ಮಹಾರಾಜರೊಡನೆ ಭಿನ್ನಾಭಿಪ್ರಾಯ ಮೂಡಿ ಅವರು ಹುದ್ದೆ ತೊರೆದರು. ಆ ನಿಲುವನ್ನು ಒಪ್ಪದವರು ಅಂದೂ ಇದ್ದರು, ಇಂದೂ ಇದ್ದಾರೆ. ಆದರೆ ಅವರು ಸರ್ಕಾರದ ಹಣವನ್ನು ಸ್ವಂತಕ್ಕೆ ಬಳಸಿಕೊಂಡರೆಂದು ಯಾವ ವಿರೋಧಿಯೂ ಬೆರಳು ತೋರಲಾರ.

ಅವರ ಲೆಕ್ಕಾಚಾರದ ನಿಜವಾದ ಪರೀಕ್ಷೆ ನಡೆದದ್ದು ಭದ್ರಾವತಿಯಲ್ಲಿ. ಹಿಂದೆ ಬೆಂಕಿಪುರವೆನಿಸಿದ್ದ ಈ ಊರಿಗೆ ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಟ್ಟಿಗೆ, ಭದ್ರಾ ನದಿಯ ನೀರು ಹತ್ತಿರವಿದ್ದವು. ಬೀರೂರು–ಶಿವಮೊಗ್ಗ ರೈಲುಮಾರ್ಗವೂ ಊರಿನ ಮೂಲಕವೇ ಹಾದುಹೋಗಿತ್ತು. ಮಹಾಯುದ್ಧದ ಕಾಲದಲ್ಲಿ ಕಬ್ಬಿಣದ ಬೆಲೆ ಏರಿದ್ದಾಗ ಹಾಕಿಕೊಂಡ ಯೋಜನೆಯಿದು. 1923ರಲ್ಲಿ ಇದ್ದಿಲು ಕುಲುಮೆ ಹೊತ್ತಿಕೊಳ್ಳುವ ವೇಳೆಗೆ ಬೆಲೆ ಕುಸಿದಿತ್ತು. ವೆಚ್ಚ ಅಂದಾಜು ಮೀರಿತ್ತು. ಪ್ರಜೆಗಳ ಹಣ ಕಾಡಿನಲ್ಲಿ ಉರಿದುಹೋಗುತ್ತಿದೆಯೆಂಬ ಟೀಕೆ ಸಹಜವಾಗಿಯೇ ಎದ್ದಿತು.

ಆ ವರ್ಷ ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷತೆಯನ್ನು ಅರವತ್ತು ದಾಟಿದ್ದ ವಿಶ್ವೇಶ್ವರಯ್ಯನವರೇ ವಹಿಸಿಕೊಂಡರು. ವೆಚ್ಚವನ್ನು ಬಿಗಿ ಮಾಡಿ, ಸ್ಥಳೀಯರಿಗೆ ತರಬೇತಿ ಕೊಡಿಸಿ ಹೊಣೆ ಒಪ್ಪಿಸಿದರು. 1929ರವರೆಗೆ ಆ ಸ್ಥಾನದಲ್ಲಿದ್ದು ಕಾರ್ಖಾನೆಯನ್ನು ಸ್ಥಿರಗೊಳಿಸಿದರು. ಅಲ್ಲಿಂದ ತಮಗೆ ಸಲ್ಲಬೇಕಿದ್ದ ಸಂಭಾವನೆಯನ್ನು ತಾವು ಬಳಸಲಿಲ್ಲ. ಅದನ್ನು ತಾಂತ್ರಿಕ ಶಿಕ್ಷಣ ಸಂಸ್ಥೆಯೊಂದಕ್ಕೆ ಕೊಡುವಂತೆ ಸೂಚಿಸಿದರು. 1943ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಆ ಸಂಸ್ಥೆ ಅವರ ಹೆಸರನ್ನಲ್ಲ, ಜಯಚಾಮರಾಜೇಂದ್ರ ಒಡೆಯರ ಹೆಸರನ್ನು ಹೊತ್ತಿತು.

ಹಾಗೆಂದು ಅವರು ಬಡತನವನ್ನು ಪ್ರದರ್ಶಿಸಿದವರಲ್ಲ. ಸೂಟು, ಮೈಸೂರು ಪೇಟಗಳಲ್ಲಿ ಸದಾ ಅಚ್ಚುಕಟ್ಟು. ಮೂರನೆಯ ದರ್ಜೆಯ ರೈಲುಡಬ್ಬಿಯಲ್ಲಿ ಪ್ರಯಾಣಿಸುವ ವ್ರತ ಗಾಂಧೀಜಿಯವರದು; ಸಮಯ ಉಳಿಸುವ ಯಂತ್ರವೆಲ್ಲ ಬೇಕೆಂಬುದು ವಿಶ್ವೇಶ್ವರಯ್ಯನವರ ನಂಬಿಕೆ. ಮೋಟಾರು ಕಾರ್ಖಾನೆಗಳನ್ನು ಅಭ್ಯಸಿಸಲು 1935ರಲ್ಲಿ ಯುರೋಪು, ಅಮೆರಿಕಗಳನ್ನು ಸುತ್ತಿಬಂದವರು ಅವರು. ಅವರ ದೃಷ್ಟಿಯಲ್ಲಿ ವಾಹನ ಪಾಪವಲ್ಲ. ಪ್ರಯಾಣ ಯಾರ ಕೆಲಸಕ್ಕೆ, ಹಣ ಯಾರದು, ಹುದ್ದೆ ಮುಗಿದದ್ದು ಯಾವ ಗಳಿಗೆಯಲ್ಲಿ ಎಂಬುದಷ್ಟೇ ಅವರ ಪ್ರಶ್ನೆ.

1955ರಲ್ಲಿ ಭಾರತರತ್ನ ಪಡೆದ ಅವರು 1962ರ ಏಪ್ರಿಲ್‌ನಲ್ಲಿ ನಿಧನರಾದರು. ಮುಂದೆ ಭದ್ರಾವತಿಯ ಕಾರ್ಖಾನೆಗೆ ಅವರ ಹೆಸರೇ ಬಂದಿತು. 2023ರ ಜನವರಿಯಲ್ಲಿ ಅದನ್ನು ಮುಚ್ಚುವ ನಿರ್ಧಾರ ಹೊರಬಿದ್ದು ಗುತ್ತಿಗೆ ಕಾರ್ಮಿಕರು ಹೋರಾಟಕ್ಕೆ ಇಳಿದರು. ಮರು ತಿಂಗಳ 27ರಂದು, ಕೆಲವೇ ಮೈಲಿ ದೂರದ ಶಿವಮೊಗ್ಗದ ಸೋಗಾನೆಯಲ್ಲಿ 3,200 ಮೀಟರ್ ಉದ್ದದ ರನ್‌ವೇ ಇರುವ ವಿಮಾನ ನಿಲ್ದಾಣ ಉದ್ಘಾಟನೆಗೊಂಡಿತು.

ಮಲೆನಾಡಿಗೆ ವಿಮಾನ ಬಂದದ್ದು ಬೇಡವೆನ್ನುವ ಮಾತಲ್ಲ. ವಿಶ್ವೇಶ್ವರಯ್ಯನವರು ಇದ್ದಿದ್ದರೆ ಅದನ್ನು ಸ್ವಾಗತಿಸುತ್ತಿದ್ದರೋ ಏನೋ. ಆದರೆ ಬಾಡಿಗೆ ವಿಮಾನದಲ್ಲಿ ಬಂದಿಳಿಯುವ ಅಧಿಕಾರಸ್ಥರು, ಆ ಹಾರಾಟ ಉಳಿಸಿದ ಕೆಲವು ಗಂಟೆಗಳಲ್ಲಿ ಜನರಿಗಾಗಿ ಮಾಡಿದ್ದೇನೆಂಬ ಲೆಕ್ಕ ಕೊಡಬೇಕಾಗುತ್ತದೆ. ಆ ಲೆಕ್ಕ ಸರಿಹೋಗದಿದ್ದರೆ ಭದ್ರಾವತಿಯ ಮೇಲೆ ಹಾದು ಬರುವ ರೈಲು ಇದ್ದೇ ಇದೆ.